ಸ್ಫಿಗ್ಮೋಮನಾಮಿಟರ್ ಅನ್ನಲಿಕ್ಕೆ ಬರಲಿಲ್ಲಂತ ನಕ್ಕವರಿಗೆ

ಹೋದ ಶುಕ್ರವಾರ ನಮ್ಮ ಮನಿಗೆ ಅರಿಷಿಣ-ಕುಂಕುಮಕ್ಕ ಬಂದಿದ್ರೆಲ್ಲಾ, ಅವತ್ತಿನ ಮಾತು ಇದು. ಕೋಸಂಬರಿ ಛಲೋ ಆಗಿತ್ತು ಅಂತ ಎಲ್ಲಾರೂ ಅಂದ್ರಿ, ಸಂತೋಷ ಆತು. ಆದ್ರ ಅದ ಕೋಸಂಬರಿ ತಿನಕೋತ ಒಂದು ಹುಡುಗಿನ್ನ ನಡುವ ಕೂಡಿಸಿಕೊಂಡು ನಕ್ರಿ ನೋಡ್ರಿ, ಅದು ಅವತ್ತಿಂದ ನನ್ನ ಗಂಟಲದಾಗ ಸಿಕ್ಕೊಂಡದ. ಮನಿಗೆ ಬಂದವರಿಗೆ ಎದುರು ಮಾತಾಡಬಾರದು ಅಂತ ಸುಮ್ಮ ಉಡಿ ತುಂಬಿ ಕಳಿಸಿದೆ. ಇವತ್ತ ಬರದು ಹೇಳ್ತೀನಿ. ಓದಿ ಸಿಟ್ಟು ಬಂದ್ರ ಬರಲಿ. ಮುಂದಿನ ಶುಕ್ರವಾರ ಬರೂದು ಮಾತ್ರ ತಪ್ಪಸಬ್ಯಾಡ್ರಿ.

ಅವತ್ತ ಬರಲಾರದವರಿಗೆ ಮೊದಲು ವಿಷಯ ಹೇಳಿಬಿಡ್ತೀನಿ. ನಮ್ಮಣ್ಣನ ಸಣ್ಣ ಮಗಳು ನರ್ಸಿಂಗ್ ಓದ್ಲಿಕತ್ತಾಳ, ಮೊದಲನೇ ವರ್ಷ. ಹತ್ತನೇ ತನಕ ಊರಾಗಿನ ಕನ್ನಡ ಸಾಲಿ. ಮನ್ಯಾಗ ಎಲ್ಲಾರೂ ಸಣ್ಣಾಕಿ ಅಂತನ ಕರೀತೀವಿ. ಪ್ರಾಕ್ಟಿಕಲ್ ಪರೀಕ್ಷಾದಾಗ ಮೇಜಿನ ಮ್ಯಾಲೆ ಸಾಮಾನು ಇಟ್ಟು, ಒಂದೊಂದನ್ನ ತೋರಿಸಿ ಹೆಸರೇನು, ಯಾತಕ್ಕ ಬರ್ತದ ಅಂತ ಕೇಳ್ತಾರಂತ. ಬಿಪಿ ನೋಡೋ ಮಶೀನ್ ತೋರಿಸಿದಾಗ ಸಣ್ಣಾಕಿ "ಸ್ಫಿಗ್ಮೋ… ಮ್ಯಾನೋ… ಮೀಟರ್" ಅಂದ್ಳು. ಬಿಡಿಸಿ ಬಿಡಿಸಿ, ಮೂರು ತುಣುಕು ಮಾಡಿ. ಪರೀಕ್ಷಾಕ್ಕ ಬಂದಿದ್ದ ಮೇಡಮ್ಮು "ಏನು? ಇನ್ನೊಮ್ಮೆ ಹೇಳು" ಅಂದ್ರು. ಹೇಳಿದ್ಳು. "ಇನ್ನೊಮ್ಮೆ" ಅಂದ್ರು. ಮೂರನೇ ಸಲಕ್ಕ ಬಾಜೂಕ ನಿಂತವರು ನಗಲಿಕ್ಕೆ ಸುರು ಮಾಡಿದ್ರು. "ಹೆಸರ ಅನ್ನಲಿಕ್ಕೆ ಬರಂಗಿಲ್ಲ, ನಾಳೆ ಪೇಶಂಟ್ ಮುಂದ ಹೆಂಗ ನಿಂದರ್ತಿ?" ಅಂದು ಮೇಡಮ್ಮು ಮುಂದಿನ ಹುಡುಗಿನ್ನ ಕರದ್ರು. ಅದನ್ನ ಹೆಂಗ ಹಚ್ಚಬೇಕು, ಹೆಂಗ ನೋಡಬೇಕು ಅಂತ ಕೇಳಲೇ ಇಲ್ಲ.

ಸಣ್ಣಾಕಿ ಹಾಸ್ಟೆಲಿನಿಂದ ಸೀದಾ ನಮ್ಮ ಮನಿಗೆ ಬಂದ್ಳು. "ಅತ್ಯಾ, ನಂಗ ಈ ಓದು ಆಗಂಗಿಲ್ಲ. ಅಪ್ಪಗ ನೀವ ಹೇಳ್ರಿ" ಅಂದು ಕೋಣಿ ಸೇರಿದ್ಳು. ಎಂಟು ದಿನ ಕಾಲೇಜಿಗೆ ಹೋಗಲಿಲ್ಲ. ಅಂಥಾದ್ರಾಗ ಶುಕ್ರವಾರ ನೀವು ಬಂದ್ರಿ. ಯಾರು ಅಂತ ಹೇಳಂಗಿಲ್ಲ, ಅವರಿಗೆ ಗೊತ್ತದ. "ಏ ಹುಡುಗಿ, ಅದೇನೋ ಅಂದ್ಯಂತಲ್ಲ, ಒಮ್ಮೆ ಅನ್ನು ಕೇಳೋಣು" ಅಂದ್ರಿ. ಇನ್ನೊಬ್ಬರು "ಸಿಗಮಾ ಮೀಟರೋ, ಸಿಗರೇಟ್ ಮೀಟರೋ" ಅಂದ್ರಿ. ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ರಿ. ಆಕಿನೂ ನಕ್ಕಂಗ ಮಾಡಿ ನೀರು ತರ್ತೀನಂತ ಒಳಗ ಹೋದ್ಳು. ನೀರು ತರಲಿಲ್ಲ. ಅದನ್ನ ಯಾರೂ ನೋಡಲಿಲ್ಲ.

ಈಗ ನಾ ಕೇಳೋದು ಒಂದ ಮಾತು. ಆಕಿ ತಪ್ಪು ಅಂದ್ಳು ಅಂತೀರೆಲ್ಲಾ, ಏನು ತಪ್ಪು ಅಂದ್ಳು? ನಡೀರಿ, ಆ ಶಬ್ದಾನ ಬಿಚ್ಚಿ ನೋಡೋಣು.

ಶಬ್ದ ಗ್ರೀಕ್ ಭಾಷಾದ್ದು. ಗ್ರೀಕಿನೊಳಗ 'ಸ್ಫಿಗ್ಮೋಸ್' ಅಂದ್ರ ನಾಡಿ ಬಡಿತ. 'ಮಾನೋಸ್' ಅಂದ್ರ ತೆಳುವು, ವಿರಳ. 'ಮೆಟ್ರೋನ್' ಅಂದ್ರ ಅಳತಿ. ಗಾಳಿ, ಆವಿ ಇಂಥಾವುಗಳ ಒತ್ತಡ ಅಳಿಯೋ ಸಾಧನಕ್ಕ ಮೊದಲಿಂದ ಮ್ಯಾನೋಮೀಟರ್ ಅಂತ ಹೆಸರಿತ್ತು. ಅದರ ಮುಂದ ನಾಡಿ ತಂದು ಜೋಡಿಸಿದ್ರು. ಆತು ಶಬ್ದ. ಸ್ಫಿಗ್ಮೋ, ಮ್ಯಾನೋ, ಮೀಟರ್. ಮೂರು ಅರಿವಿ ತುಂಡು, ನಡುವ ಎರಡು ಹೊಲಿಗಿ.

ಸಣ್ಣಾಕಿ ಎಲ್ಲೆ ಬಿಡಿಸಿದ್ಳು? ಸರಿಯಾಗಿ ಆ ಎರಡು ಹೊಲಿಗಿ ಇದ್ದಲ್ಲೆ.

ಮೇಡಮ್ಮಿಗೆ ಬೇಕಾಗಿದ್ದು ಇಂಗ್ಲಿಷ್ ನಾಲಿಗಿ ಒಡಿಯೋ ರೀತಿ. ಇಂಗ್ಲಿಷ್ ನಿಘಂಟಿನೊಳಗ ಅದಕ್ಕ ಆರು ತುಣುಕು: ಸ್ಫಿಗ್, ಮೋ, ಮ, ನಾಮ್, ಇ, ಟರ್. ಜೋರು ಕೊಡೋದು ನಡುವಿನ 'ನಾಮ್' ಮ್ಯಾಲೆ. ಆ 'ನಾಮ್' ಎಲ್ಲಿಂದ ಬಂತು ನೋಡ್ರಿ. ಮ್ಯಾನೋದ ಬಾಲ, ಮೀಟರಿನ ತಲಿ, ಎರಡನ್ನ ಕೂಡಿಸಿ ಒಂದು ಮಾಡ್ಯಾರ. ಜಂಪರು ಬಿಚ್ಚೂವಾಗ ಹೊಲಿಗಿ ಬಿಟ್ಟು ನಡುಕ ಕತ್ತರಿ ಹಾಕಿದಂಗ. ಅದು ಅವರ ನಾಲಿಗಿ ಪದ್ಧತಿ, ಅವರಿಗೆ ಹಂಗ ಅನ್ನಲಿಕ್ಕೆ ಹಗುರ ಆಗ್ತದ, ತಪ್ಪು ಅನ್ನಂಗಿಲ್ಲ. ಆದ್ರ ಅರ್ಥ ತಿಳಕೊಂಡು ಬಿಡಿಸಿದ ಹುಡುಗಿಗೆ ದಡ್ಡಿ ಅಂದು, ಅರ್ಥ ಬಿಟ್ಟು ಬಾಯಿಪಾಠ ಮಾಡಿದವರಿಗೆ ಶಾಣ್ಯಾ ಅನ್ನೋದು ಯಾವ ನ್ಯಾಯ?

ಇನ್ನ ಇಂಗ್ಲಿಷಿನವರು ತಾವರೆ ಒಂದ ಮಾತಿಗೆ ನಿಂತಾರೇನು? ಇಲ್ಲ. ಬಿಸಿ ಅಳಿಯೋದು ಥರ್ಮೋಮೀಟರ್ ಆಗಬೇಕಿತ್ತು, ಅವರು 'ಥರ್-ಮಾಮ್-ಇ-ಟರ್' ಅಂತಾರ. ಹವಾದ ಒತ್ತಡ ಅಳಿಯೋದು 'ಬ-ರಾಮ್-ಇ-ಟರ್'. ಗಾಡಿ ವೇಗ ತೋರಸೋದು 'ಸ್ಪೀ-ಡಾಮ್-ಇ-ಟರ್'. ಸರಿ, ಅಳಿಯೋ ಸಾಧನಕ್ಕೆಲ್ಲಾ ನಡುವ ಜೋರು ಕೊಡೋದು ಅಂತ ತಿಳಕೊಂಡ್ವಿ. ಅಳತಿ ಪ್ರಮಾಣ ಬಂದಾಗ ಅವರ ಮಿಲಿಮೀಟರ್, ಸೆಂಟಿಮೀಟರ್ ಅಂತ ಹೊಲಿಗಿ ಉಳಿಸಿ, ಜೋರು ಮೊದಲನೇ ತುಣುಕಿಗೆ ಕೊಡ್ತಾರ. ಇದೂ ಸರಿ. ಹಂಗಾದ್ರ ಕಿಲೋಮೀಟರ್? ಅಲ್ಲೆ ಅವರವರೊಳಗ ಜಗಳ. ಕೆಲವರು ಕಿಲೋ-ಮೀಟರ್ ಅಂತಾರ, ಕೆಲವರು 'ಕಿ-ಲಾಮ್-ಇ-ಟರ್' ಅಂತಾರ. ಎರಡೂ ನಡೀತಾವ, ಯಾರೂ ಯಾರನ್ನೂ ಪರೀಕ್ಷಾದಿಂದ ಎಬ್ಬಿಸಿ ಕಳಿಸೋದಿಲ್ಲ. ಧಾರವಾಡದಿಂದ ಹುಬ್ಬಳ್ಳಿ ಹೆಂಗ ಅಂದ್ರೂ ಸುಮಾರು 20 ಕಿಲೋಮೀಟರ್ ದೂರನ ಇರ್ತದ.

ಡಾಕ್ಟರು ಎದಿಗೆ ಹಚ್ಚೋ ಸ್ಟೆತೊಸ್ಕೋಪಿನ ತುದಿಗೆ ದುಂಡನ್ನ ಪರದೆ ಇರ್ತದಲ್ಲಾ, ಅದಕ್ಕ ಇಂಗ್ಲಿಷಿನೊಳಗ ಬರೆಯೋದು 'ಡಯಫ್ರಗ್ಮ್' ಅಂತ, ಅನ್ನೋದು 'ಡಯಫ್ರಮ್' ಅಂತ. ಕಫಕ್ಕ ಬರೆಯೋದು 'ಫ್ಲೆಗ್ಮ್', ಅನ್ನೋದು 'ಫ್ಲೆಮ್'. ಗಕಾರ ನುಂಗಿಬಿಡ್ತಾರ. ಆದ್ರ ಸ್ಫಿಗ್ಮೋದಾಗ ಅದ ಗಕಾರ ಉಳಿಸಿಕೊಳ್ತಾರ. ಕನ್ನಡ ಸಾಲಿಯಿಂದ ಬಂದ ಹುಡುಗಿಗೆ ಯಾವುದನ್ನ ನುಂಗಬೇಕು, ಯಾವುದನ್ನ ಉಗುಳಬೇಕು ಅಂತ ಯಾರರೆ ಕೂಡಿಸಿ ಹೇಳಿಕೊಟ್ಟಾರೇನು? ಹೇಳಿಕೊಡದ ಕೇಳಿದ್ರ ಅದು ಪರೀಕ್ಷಾ ಅಲ್ಲ, ಬೇಟೆ.

ನಿಮ್ಮೊಳಗ ಒಬ್ಬರು ಅವತ್ತ "ಕನ್ನಡ ನಾಲಿಗಿಗೆ ಅಂಥಾವೆಲ್ಲಾ ಹೊರಳಂಗಿಲ್ಲ ಬಿಡ್ರಿ" ಅಂದ್ರಿ. ನನಗ ಎಲ್ಲಾದಕ್ಕಿಂತ ಹೆಚ್ಚು ನೋವಾಗಿದ್ದು ಆ ಮಾತು. ನಮ್ಮ ನಾಲಿಗಿಗೆ ನಾವ ಕೆಟ್ಟ ಹೆಸರು ಇಡೋದು ಯಾಕ? 'ಸ್ಫ' ಬರಂಗಿಲ್ಲೇನು? ಸ್ಫೂರ್ತಿ ಅಂತ ಹೆಸರಿಟ್ಟ ಹುಡುಗ್ಯಾರು ನಮ್ಮ ಓಣ್ಯಾಗ ಇಬ್ಬರಿದ್ದಾರ. ಸ್ಫಟಿಕ ಅಂತೀವಿ, ಸ್ಫೋಟ ಅಂತೀವಿ. 'ಗ್ಮ' ಬರಂಗಿಲ್ಲೇನು? ಯುಗ್ಮ ಅಂತೀವಿ, ಛಲೋ ಮಾತಾಡೋರಿಗೆ ವಾಗ್ಮಿ ಅಂತೀವಿ. ಸ್ಫೂರ್ತಿ ಅಂದು, ವಾಗ್ಮಿ ಅಂದ ನಾಲಿಗಿಗೆ ಸ್ಫಿಗ್ಮೋ ಅನ್ನೋದು ಏನು ಮಹಾ? ಹೊರಳತದ. ಅಂಜಿಸಿದ್ರ ಮಾತ್ರ ಹೊರಳಂಗಿಲ್ಲ. ಅಂಜಿದ ನಾಲಿಗಿಗೆ ತನ್ನ ಹೆಸರೂ ಹೊರಳಂಗಿಲ್ಲ.

ಒಡದು ನೋಡೋ ವಿದ್ಯಾನೂ ನಮಗ ಹೊಸಾದಲ್ಲ. ಸಾಲ್ಯಾಗ ಛಂದಸ್ಸು ಕಲಿಯೂವಾಗ ಲಘು-ಗುರು ಹಾಕ್ತಿದ್ವಿ, ನೆನಪದ ಏನು? ಗಿಡ್ಡ ಅಕ್ಷರಕ್ಕ ಲಘು, ಉದ್ದಕ್ಕ ಗುರು. ಮುಂದ ಒತ್ತಕ್ಷರ ಬಂದ್ರ ಹಿಂದಿನ ಗಿಡ್ಡ ಅಕ್ಷರನೂ ಗುರು. ಕಡೀಕ ಅರ್ಧ ವ್ಯಂಜನ ನಿಂತ್ರೂ ಗುರು. ಅದ ಲೆಕ್ಕ ಇಲ್ಲೆ ಹಚ್ಚಿ ನೋಡ್ರಿ. ನಾವು ಬರೆಯೋದು ಸ್ಫಿ-ಗ್ಮೋ, ಅನ್ನೋದು ಸ್ಫಿಗ್-ಮೋ. ಯಾಕಂದ್ರ ಗ್ಮೋದೊಳಗಿನ ಗಕಾರದ ಭಾರ ಹಿಂದಿನ ಸ್ಫಿ ಮ್ಯಾಲೆ ಬೀಳ್ತದ. ಅದಕ್ಕ ಸ್ಫಿ ಗುರು, ಗ್ಮೋ ಗುರು, ಮ ಲಘು, ನಾ ಗುರು, ಮಿ ಲಘು, ಟರ್ ಗುರು. ಸಣ್ಣಾಕಿ ಅಂದಿದ್ದನ್ನ ಹಾಕಿ ನೋಡಿದ್ರ ಸ್ಫಿಗ್, ಮೋ, ಮ್ಯಾ, ನೋ, ಮೀ, ಟರ್, ಆರೂ ಗುರು. ಆಕಿಗೂ ಮೇಡಮ್ಮಿಗೂ ಇದ್ದ ಫರಕು ಇಷ್ಟ: ಎರಡು ಗುರು ಲಘು ಆಗಬೇಕಿತ್ತು, ಒಂದು ನೋ ನಾ ಆಗಬೇಕಿತ್ತು. ಅರ್ಧಾ ನಿಮಿಷದ ಕೆಲಸ. ಅದಕ್ಕ ಒಂದು ಹುಡುಗಿ ಓದು ಬಿಡಬೇಕೇನ್ರಿ?

"ಗ್ರೀಕ್ ಇದ್ದರ ಇರಲಿ, ಈಗ ಅದು ಇಂಗ್ಲಿಷ್ ಶಬ್ದ, ಇಂಗ್ಲಿಷಿನವರಂಗ ಅನ್ನಬೇಕು" ಅಂತ ನಮ್ಮ ವೈನಿ ಫೋನಿನಾಗ ವಾದ ಮಾಡಿದ್ರು. ಹಂಗಾದ್ರ ವೈನಿ, ನೀವು ದಿನಾ ದವಾಖಾನಿ ಅಂತೀರಿ. ಪರ್ಶಿಯಾ ಕಡಿಂದ ಬಂದ ಶಬ್ದ ಅದು, ಯಾವ ಇರಾಣದವರು ಬಂದು ನಿಮ್ಮ ಉಚ್ಚಾರ ತಿದ್ದ್ಯಾರ? ಬಟಾಟಿ ಪಲ್ಯ ಮಾಡ್ತೀರಿ, ಕಪಾಟಿನ ಚಾವಿ ಸೆರಗಿಗೆ ಕಟಗೊಳ್ತೀರಿ. ಬಟಾಟಿ, ಚಾವಿ ಎರಡೂ ಪೋರ್ತುಗೀಜರವು. ಅವರಂಗ ಅನ್ನಲಿಕ್ಕೆ ಬರಂಗಿಲ್ಲಂತ ನಾವು ಪಲ್ಯ ಬಿಟ್ಟೀವೇನು? ಮನಿಗೆ ಬಂದ ಸೊಸಿ ನಮ್ಮ ಮನಿ ರೀತಿ ಕಲೀತಾಳ, ಅಕಿ ರೀತಿ ನಾವೂ ನಾಕು ಕಲೀತೀವಿ. ಶಬ್ದನೂ ಹಂಗ.

ಮತ್ತ ಆ ಮಶೀನರೆ ಇಂಗ್ಲಿಷಿನವರದೇನು? ಅದೂ ಅಲ್ಲ. 1881ರಾಗ ನಾಡಿ ಒತ್ತಿ ಒತ್ತಡ ಅಳಿಯೋ ಇಂಥಾ ಸಾಧನ ಮಾಡಿದಂವಾ ಆಸ್ಟ್ರಿಯಾದ ಫಾನ್ ಬಾಶ್. ಈಗ ನಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೀತಾರಲ್ಲಾ, ಆ ಪದ್ಧತಿ 1896ರಾಗ ಇಟಲಿಯ ಟ್ಯೂರಿನ್ ಊರಾಗಿನ ಡಾಕ್ಟರು ರಿವಾ-ರೊಚ್ಚಿ ತಂದಿದ್ದು. ಆ ಪಟ್ಟಿಗೆ ಅವರು ಸೈಕಲ್ಲಿನ ಒಳಗಿನ ಟ್ಯೂಬು ಉಪಯೋಗಿಸಿದ್ರಂತ. ಪಟ್ಟಿ ಕೆಳಗ ಸ್ಟೆತೊಸ್ಕೋಪ್ ಇಟ್ಟು ಸಪ್ಪಳ ಕೇಳೋ ರೀತಿ 1905ರಾಗ ರಶಿಯಾದ ಕೊರೊಟ್ಕಾಫ್ ಹೇಳಿಕೊಟ್ಟದ್ದು. ಇವತ್ತಿಗೂ ಆ ಸಪ್ಪಳಕ್ಕ ಕೊರೊಟ್ಕಾಫ್ ಸಪ್ಪಳ ಅಂತನ ಹೆಸರು, ನರ್ಸಿಂಗ್ ಹುಡುಗ್ಯಾರೆಲ್ಲಾ ಬಾಯಿಪಾಠ ಮಾಡ್ತಾರ. ಆದ್ರ ರಶಿಯಾದವರು ಆ ಹೆಸರು ಅನ್ನೋದು 'ಕರತ್ಕೋಫ್' ಅಂತ, ಜೋರು ಕಡೀಕ. ಇಟಲಿಯ 'ರೊಚ್ಚಿ'ಯನ್ನ ಎಷ್ಟು ಮಂದಿ 'ರೋಸಿ' ಅಂತ ಓದ್ತಾರೋ ದೇವರಿಗೆ ಗೊತ್ತು. ಅಲ್ಲೆ ಯಾರೂ ನಗಂಗಿಲ್ಲ. ರಶಿಯಾದವರ ಹೆಸರು ಕೆಡಿಸಿದ್ರ ನಡೀತದ, ಇಟಲಿಯವರದು ಕೆಡಿಸಿದ್ರ ನಡೀತದ, ಇಂಗ್ಲಿಷ್ ಒಂದು ಕೆಟ್ರ ಮಾನ ಹೋತು! ಇದು ಉಚ್ಚಾರದ ಪ್ರೀತಿ ಅಲ್ರಿ, ಯಾರ ಮುಂದ ಬಗ್ಗಬೇಕು ಅನ್ನೋ ರೂಢಿ.

ತಮಾಷೆ ಅಂದ್ರ, ದವಾಖಾನ್ಯಾಗ ಆ ಹೆಸರು ಯಾರು ಅಂತಾರ? ಡಾಕ್ಟರು "ಸಿಸ್ಟರ್, ಬಿಪಿ ನೋಡ್ರಿ" ಅಂತಾರ. ಸಿಸ್ಟರು "ಬಿಪಿ ಆಪರೇಟಸ್ ತಗೊಂಡು ಬಾ" ಅಂತಾರ. ನಾವು ಬಿಪಿ ಮಶೀನ್ ಅಂತೀವಿ. ಕನ್ನಡ ಪುಸ್ತಕದಾಗ ರಕ್ತದೊತ್ತಡ ಮಾಪಕ ಅಂತ ಬರೀತಾರ, ಓದಿದ ಕೂಡ್ಲೆ ಏನು ಅಳೀತದಂತ ತಿಳೀತದ. ಆ ಉದ್ದ ಹೆಸರು ಬಾಯಾಗ ಬರೋದು ವರ್ಷಕ್ಕೊಮ್ಮೆ, ಪರೀಕ್ಷಾದಾಗ, ಹುಡುಗ್ಯಾರನ್ನ ಹೆದರಸಲಿಕ್ಕೆ.

"ಹಂಗಂದ್ರ ಹೆಂಗ ಬೇಕಾದ್ರೂ ಅನ್ನಬಹುದೇನು?" ಅಂತ ಕೇಳಬಹುದು ನೀವು. ಇಲ್ಲ. ನಾ ಹಂಗ ಹೇಳಲಿಕತ್ತಿಲ್ಲ. ದವಾಖಾನಿ ಕೆಲಸ ಮಾಡೋರಿಗೆ ಹೆಸರು ಸ್ಪಷ್ಟ ಇರಬೇಕು. ಒಂದು ಔಷಧಕ್ಕ ಇನ್ನೊಂದರ ಹೆಸರು ಕೇಳಿಸಿದ್ರ ಜೀವಕ್ಕ ಬರ್ತದ. ನಾಳೆ ಸಣ್ಣಾಕಿ ಬ್ಯಾರೆ ಊರಿಗೆ, ಬ್ಯಾರೆ ದೇಶಕ್ಕ ಕೆಲಸಕ್ಕ ಹೋದ್ರ ಅಲ್ಲಿಯವರಿಗೆ ತಿಳಿಯೋಹಂಗ ಅನ್ನಲಿಕ್ಕೂ ಬರಬೇಕು. ಕಲೀಬೇಕು. ನನ್ನ ಜಗಳ ಕಲಿಯೋದರ ಮ್ಯಾಲೆ ಅಲ್ಲ, ಕಲಸಲಾರದ ನಗೋದರ ಮ್ಯಾಲೆ.

ಕಲಸೋದು ಎಷ್ಟು ಹೊತ್ತಿನ ಕೆಲಸ ಅಂತ ಹೇಳ್ತೀನಿ ಕೇಳ್ರಿ. ಶನಿವಾರ ಮುಂಜಾನೆ ನಾ ಚಪಾತಿ ಲಟ್ಟಸ್ಲಿಕತ್ತಿದ್ದೆ, ಆಕಿ ಬೇಯಿಸ್ಲಿಕತ್ತಿದ್ಳು. "ಉದ್ದ ಶಬ್ದಕ್ಕ ಮುಂದಿಂದ ಹೋಗಬ್ಯಾಡ, ಹಿಂದಿಂದ ಬಾ" ಅಂದೆ. ಟರ್ ಅನ್ನು. ಅಂದ್ಳು. ಮಿಟರ್. ನಾಮಿಟರ್. ಇಲ್ಲೆ 'ನಾ' ಉದ್ದ ಎಳಿ, ಭಾರ ಎಲ್ಲಾ ಅದರ ಮ್ಯಾಲೆ ಹಾಕು. ಮನಾಮಿಟರ್. 'ಮ' ಸಣ್ಣದು, ಮುಟ್ಟಿ ಬಿಟ್ಟಂಗ. ಮೋಮನಾಮಿಟರ್. ಕಡೀಕ ಸ್ಫಿಗ್ ಹಚ್ಚು. ಸ್ಫಿಗ್ಮೋಮನಾಮಿಟರ್. ಹಿಂದಿಂದ ಬಂದ್ರ ಪ್ರತಿ ಸಲ ಗೊತ್ತಿದ್ದ ತುದಿ ಕಡೆ ಹೋಗ್ತೀವಿ, ಮುಂದಿಂದ ಹೋದ್ರ ಗೊತ್ತಿಲ್ಲದ ಕಡೆ ಹೋಗ್ತೀವಿ, ಅಷ್ಟ ಫರಕು. ನಾಕನೇ ಚಪಾತಿ ಬೇಯೂದ್ರಾಗ ಸಣ್ಣಾಕಿ ತಡವರಿಸದ ಅಂದ್ಳು. ಐದನೇದಕ್ಕ ನನ್ನಕಿಂತ ಛಂದ ಅಂದ್ಳು. ನಾಕು ಚಪಾತಿ ಹೊತ್ತು! ಅಷ್ಟು ಹೊತ್ತು ಕೊಡಲಿಕ್ಕೆ ಒಂದು ವರ್ಷದಾಗ ಯಾರಿಗೂ ಆಗಿರಲಿಲ್ಲ.

ಆಮ್ಯಾಲೆ ನಾ ಕೇಳಿದೆ, "ಪರೀಕ್ಷಾದಾಗ ಕೇಳಲಿಲ್ಲ, ನನಗ ಹೇಳು. ಬಿಪಿ ಹೆಂಗ ನೋಡ್ತೀ?" ಆ ಹುಡುಗಿ ಬಾಯಿ ತೆರದದ್ದು ಆವಾಗ. ಪೇಶಂಟ್ ಅರ್ಧಾ ತಾಸಿನೊಳಗ ಚಾ, ಕಾಫಿ ಕುಡದಿರಬಾರದು. ಐದು ನಿಮಿಷ ಸುಮ್ಮ ಕೂತಿರಬೇಕು. ಬೆನ್ನಿಗೆ ಆಸರಾ ಇರಬೇಕು, ಪಾದ ನೆಲಕ್ಕ ಊರಿರಬೇಕು, ಕಾಲ ಮ್ಯಾಲೆ ಕಾಲು ಹಾಕಿರಬಾರದು. ತೋಳು ಎದಿ ಮಟ್ಟಕ್ಕ ಇರಬೇಕು. ಪಟ್ಟಿ ಬರಿ ತೋಳಿಗೆ ಸುತ್ತಬೇಕು, ಜಂಪರಿನ ತೋಳಿನ ಮ್ಯಾಲೆ ಅಲ್ಲ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದ್ರ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರಿಸ್ತದ. ಗಾಳಿ ಹೊಡದು, ನಿಧಾನಕ್ಕ ಬಿಡಬೇಕು, ಸೆಕೆಂಡಿಗೆ ಎರಡು-ಮೂರು ಮಿಲಿಮೀಟರಿನಂಗ. ಮೊದಲನೇ ಸಪ್ಪಳ ಕೇಳಿದ್ದು ಮ್ಯಾಲಿನ ಅಂಕಿ, ಸಪ್ಪಳ ನಿಂತದ್ದು ಕೆಳಗಿನ ಅಂಕಿ. "ಮಿಲಿಮೀಟರ್ ಯಾಕ?" ಅಂದೆ. "ಪಾದರಸ ಅಷ್ಟು ಎತ್ತರ ಏರ್ತದ ಅತ್ಯಾ. 120 ಅಂದ್ರ ಪಾದರಸ 120 ಮಿಲಿಮೀಟರ್ ಎತ್ತರ ನಿಂದರ್ತದ. ನೀರಿನಕಿಂತ ಪಾದರಸ ಹದಿಮೂರೂವರಿ ಪಟ್ಟು ಭಾರ. ಅದರ ಬದಲಿ ನೀರು ಹಾಕಿದ್ರ ಐದು ಫೂಟಿನಕಿಂತ ಹೆಚ್ಚು ಏರ್ತದ, ನಿಮ್ಮಷ್ಟ ಎತ್ತರದ ಕೊಳವಿ ಬೇಕಾಗ್ತಿತ್ತು" ಅಂದ್ಳು. ಚಪಾತಿ ಹೊತ್ತಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಇದೆಲ್ಲಾ ಗೊತ್ತಿದ್ದ ಹುಡುಗಿನ್ನ ನಾವು ಒಂದು 'ನಾ' ಉದ್ದ ಎಳೀಲಿಲ್ಲಂತ ನಕ್ಕು ಕಳಿಸಿದ್ವಿ. ನಕ್ಕಿದ್ವಿ ಅಂತ ಯಾಕ ಅಂತೀನಿ ಅಂದ್ರ, ಈ ನಗೋರ ಸಾಲಿನಾಗ ನಾನೂ ಒಮ್ಮೆ ಮುಂದ ನಿಂತಾಕಿ. ಇಲ್ಲೀತನಕ ಬರೀಲಾರದ್ದನ್ನ ಈಗ ಬರೀತೀನಿ.

ನಾ ಬಿ.ಎಸ್ಸಿ. ಮುಗಿಸಿ ಸೊಸಿಯಾಗಿ ಬಂದ ಹೊಸದು. ನಮ್ಮತ್ತಿಯವರು ಸಾಲಿ ಕಲಿತದ್ದು ಮೂರನೇತ್ತಾ ತನಕ. ಒಮ್ಮೆ ಅವರಿಗೆ ಆರಾಮಿಲ್ಲದ ಡಾಕ್ಟರ ಕಡೆ ಹೋಗಿ ಬಂದಿದ್ರು. ಮನಿಗೆ ಬಂದ ಬೀಗರ ಮುಂದ, "ಡಾಕ್ಟರು ಟೆತಾಸ್ಕೋಪು ಹಚ್ಚಿ ಎಲ್ಲಾ ನೋಡಿದ್ರು" ಅಂತ ದೊಡ್ಡ ಮನಸಿನಿಂದ ಹೇಳ್ಲಿಕತ್ತಿದ್ರು. ನಾ ಚಾ ಕೊಡಲಿಕ್ಕೆ ಹೋದಾಕಿ, "ಟೆತಾಸ್ಕೋಪು ಅಲ್ರಿ ಅತ್ಯಾ, ಸ್ಟೆ-ತೊ-ಸ್ಕೋಪ್" ಅಂದೆ. ಪಾಠ ಹೇಳಿದಂಗ, ಒಡದು ಒಡದು. ಬೀಗರು ನಕ್ರು. ನಾನೂ ನಕ್ಕೆ. ಅತ್ತಿಯವರು "ಹೌದವ್ವಾ, ಕಲತಾಕಿ ನೀನು" ಅಂದು ಸುಮ್ಮಾದ್ರು.

ಅವತ್ತಿಂದ ಅವರು ಡಾಕ್ಟರ ಮುಂದ ಮಾತಾಡೋದು ಬಿಟ್ರು. "ಏನಾಗ್ತದ ಅಜ್ಜಿ?" ಅಂತ ಕೇಳಿದ್ರ "ಏನಿಲ್ರಿ, ಛಲೋ ಇದ್ದೀನಿ" ಅನ್ನೋರು, ನನ್ನ ಮಾರಿ ನೋಡೋರು. ತಲಿ ಗಿಮ್ ಅಂತದ, ಕಿವ್ಯಾಗ ಬಡದಂಗ ಆಗ್ತದ ಅಂತ ತಮ್ಮ ಅಕ್ಕನ ಮುಂದ ಹೇಳತಿದ್ರಂತ. ಡಾಕ್ಟರಿಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ಬಿಪಿ ಅನ್ನೋದು ಹೆಚ್ಚಿನವರಿಗೆ ಏನೂ ಗೊತ್ತಾಗದ ಒಳಗ ಏರ್ತದ, ಅಳದು ನೋಡಿದ್ರ ಮಾತ್ರ ಸಿಗ್ತದ. ಅವರದು ಅಳದು ನೋಡಿದ್ದು ಲಕ್ವಾ ಹೊಡದು, ಬಲಗೈ ಬಿದ್ದು, ಮಾತು ಹೋದ ದಿನ. ಆವಾಗ ಮ್ಯಾಲಿನ ಅಂಕಿ 200 ದಾಟಿತ್ತು. ಆಮ್ಯಾಲೆ ಎರಡು ವರ್ಷ ಇದ್ರು. ಕೈ ಸನ್ನಿ ಮಾಡೋರು, ಮಾತು ಬರಲಿಲ್ಲ.

ನಾ ನಕ್ಕಿದ್ದಕ್ಕ ಹಂಗಾತು ಅಂತ ಹೇಳಂಗಿಲ್ಲ. ಬ್ಯಾನಿಗೆ ತನ್ನ ಕಾರಣ ಇರ್ತಾವ. ಆದ್ರ ಲಕ್ವಾ ಅವರ ಮಾತು ಕಸಗೊಳ್ಳೋಕಿಂತ ಮೊದಲ ನಾ ಒಂದಿಷ್ಟು ಕಸಗೊಂಡಿದ್ದೆ, ಅದು ಖರೆ. ಟೆತಾಸ್ಕೋಪು ಅಂದ್ರ ಏನು ತಿಳಿಯದ ಉಳೀತಿತ್ತು? ಡಾಕ್ಟರಿಗೆ ತಿಳೀತಿತ್ತು, ಬೀಗರಿಗೆ ತಿಳದಿತ್ತು, ನನಗೂ ತಿಳದಿತ್ತು. 1816ರಾಗ ಪ್ಯಾರಿಸ್ಸಿನ ಲಾಯೆನೆಕ್ ಅನ್ನೋ ಡಾಕ್ಟರು ಒಬ್ಬಾಕಿ ಎದಿಗೆ ಕಿವಿ ಹಚ್ಚಿ ಕೇಳಲಿಕ್ಕೆ ಸಂಕೋಚ ಪಟ್ಟು, ಕಾಗದ ಸುರುಳಿ ಮಾಡಿ ಎದಿ ಮ್ಯಾಲಿಟ್ಟು ಕೇಳಿದ್ರಂತ. ಅಲ್ಲಿಂದ ಹುಟ್ಟಿದ್ದು ಆ ಸಾಧನ. ಹೆಣ್ಣುಮಗಳ ಸಂಕೋಚಕ್ಕ ಮರ್ಯಾದಿ ಕೊಟ್ಟು ಹುಟ್ಟಿದ ಸಾಧನದ ಹೆಸರು ಹಿಡಕೊಂಡು ನಾ ಒಬ್ಬ ಹೆಣ್ಣುಮಗಳಿಗೆ ನಾಕು ಮಂದ್ಯಾಗ ನಾಚಿಕಿ ಮಾಡಿದೆ. ಇದನ್ನ ತಿಳಿಯೋ ಹೊತ್ತಿಗೆ ಕ್ಷಮಾ ಕೇಳಲಿಕ್ಕೆ ಅವರು ಇರಲಿಲ್ಲ.

ಅದಕ್ಕ ಅಕ್ಕಂದಿರ, ವೈನ್ಯಾರ, ನಿಮಗ ಕೈ ಮುಗದು ಹೇಳ್ತೀನಿ. ನಿಮ್ಮ ಮನ್ಯಾಗ ಯಾರರೆ ಉದ್ದ ಹೆಸರು ಅನ್ನೂವಾಗ ತಡವರಿಸಿದ್ರ ಮೊದಲು ಅದು ಏನು ಅಂತ ಕೇಳ್ರಿ. ಏನು ಅಂತ ಹೇಳಿದ್ರ ಆಕಿಗೆ ಗೊತ್ತದ ಅಂತ ತಿಳೀರಿ. ಹೆಸರು ತಿದ್ದಬೇಕು ಅನಿಸಿದ್ರ ಮಂದಿ ಮುಂದ ತಿದ್ದಬ್ಯಾಡ್ರಿ, ಅಡಗಿ ಮನಿಗೆ ಕರಕೊಂಡು ಹೋಗಿ ನಾಕು ಚಪಾತಿ ಹೊತ್ತು ಕೊಡ್ರಿ. ಅಷ್ಟು ಹೊತ್ತು ಇಲ್ಲಂದ್ರ ನಗಲಿಕ್ಕೂ ಹೊತ್ತಿಲ್ಲ ಅಂತ ತಿಳೀರಿ. ಡಾಕ್ಟರ ಕಡೆ ಹೋದಾಗ ನೀವೂ ಹೆಸರಿಗೆ ಅಂಜಬ್ಯಾಡ್ರಿ. ತಲಿ ಗಿಮ್ ಅಂದ್ರ ಗಿಮ್ ಅಂತನ ಹೇಳ್ರಿ. ಅದಕ್ಕ ಗ್ರೀಕಿನೊಳಗ ಏನಂತಾರ ಅಂತ ತಿಳಕೊಳ್ಳೋದು ಅವರ ಕೆಲಸ, ನಿಮ್ಮದಲ್ಲ.

ಸಣ್ಣಾಕಿ ಸೋಮವಾರ ಮುಂಜಾನಿ ಬಸ್ಸಿಗೆ ಕಾಲೇಜಿಗೆ ಹೋದ್ಳು. ಪರೀಕ್ಷಾ ಇನ್ನೊಮ್ಮೆ ಕೊಡಬೇಕಾಗ್ತದೋ ಏನೋ, ಕೊಡ್ತೀನಿ ಅಂದಾಳ. ಹೋಗೂಕಿಂತ ಮೊದಲು ನನ್ನ ಬಿಪಿ ನೋಡಿದ್ಳು. ನಾ ಪಟ್ಟಿ ಸುತ್ತಿಸಿಕೋತ ಅದು ಇದು ಹೇಳ್ಲಿಕತ್ತಿದ್ದೆ, "ಅತ್ಯಾ, ಸುಮ್ಮ ಕೂಡ್ರಿ, ಮಾತಾಡಿದ್ರ ಅಂಕಿ ಏರ್ತದ" ಅಂತ ಗದರಿಸಿದ್ಳು. ಸುಮ್ಮ ಕೂತೆ. 146, 92 ಬಂತು. ಎರಡು ದಿನ ಬಿಟ್ಟು ಮತ್ತ ನೋಡಬೇಕು, ಹಂಗ ಬಂದ್ರ ಡಾಕ್ಟರಿಗೆ ತೋರಸಬೇಕು, ಉಪ್ಪಿನಕಾಯಿ ಕಡಿಮಿ ಮಾಡಬೇಕು ಅಂತ ಹೇಳಿ ಹೋಗ್ಯಾಳ.

ಮುಂದಿನ ಶುಕ್ರವಾರ ರಜಾ ಅದ, ಸಣ್ಣಾಕಿ ಬರ್ತಾಳ. ಎಲ್ಲಾರ ಬಿಪಿ ನೋಡ್ತೀನಿ ಅಂದಾಳ. ಅರ್ಧಾ ತಾಸು ಮೊದಲು ಚಾ ಕುಡೀದ ಬರ್ರಿ, ಚಾ ಆಮ್ಯಾಲೆ ನಾ ಕೊಡ್ತೀನಿ. ತೋಳು ಬಿಗಿ ಇರೋ ಜಂಪರು ಹಾಕೊಂಡು ಬರಬ್ಯಾಡ್ರಿ. ಆಕಿ ಕೈಯಾಗಿನ ಮಶೀನಿಗೆ ನೀವು ಏನಂತ ಕರದ್ರೂ ನಡೀತದ, ಆಕಿ ನಗಂಗಿಲ್ಲ.